ಎರಡು ವಿಳಾಸದ ಸಂಸಾರ

ಗುರುವಾರ, ಸಂಜೆ

ಪ್ರೀತಿಯ ಮೇಸ್ತ್ರಿಗೆ,

ಕವರು ಒಡೆದಾಗ ಒಳಗೆ ಅಕ್ಷರ ಕಂಡು ನೀನು ಗಾಬರಿಯಾಗಬಹುದು. ಎಲ್ಲರೂ ಆರೋಗ್ಯವಾಗಿದ್ದಾರೆ. ಅಪ್ಪ ಶಾಲೆಯ ಬಸ್ಸು ಓಡಿಸುತ್ತಲೇ ಇದ್ದಾರೆ. ನಾನಿರುವ ಮನೆಯ ಅಜ್ಜಿ ವಾಕರು ಹಿಡಿದು ಅಡುಗೆಮನೆಯವರೆಗೆ ಹೋಗಿ ಬರುತ್ತಾರೆ. ನನ್ನ ಬಲಗೈ ಮಣಿಕಟ್ಟು ಮಾತ್ರ ಉಳುಕಿದೆ, ಅದರ ಕಥೆ ಮುಂದೆ ಬರುತ್ತದೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ಕಾರಣ ಅದು, ಬೇರೇನೂ ಅಲ್ಲ.

ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ನಾವು ವಾರವಾರವೂ ಒಬ್ಬರಿಗೊಬ್ಬರು ಕಾಗದ ಹಾಕುತ್ತಿದ್ದೇವೆ. ಅಷ್ಟೂ ಕಾಗದಗಳಲ್ಲಿ ಒಂದು ಸಾಲೂ ಇಲ್ಲ. ಇದೇ ಮೊದಲನೆಯದು.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ. ಕ್ರಮವಾಗಿ ಬರೆದುಕೊಂಡು ಹೋದರೆ ಮಾತ್ರ ಕೊನೆಯ ಮಾತಿಗೆ ಬರುವ ಧೈರ್ಯ ನನಗೆ ಸಿಗುತ್ತದೆ.

ಮದುವೆಯಾದಾಗ ನಮ್ಮಿಬ್ಬರ ಹತ್ತಿರ ಇದ್ದದ್ದು ಎರಡು ಪದವಿ ಮತ್ತು ಆ ಪದವಿಗಳಿಗೆ ಮಾಡಿದ ಎರಡು ಸಾಲ. ಕಟ್ಟಡ ಕಟ್ಟುವುದನ್ನು ಓದಿದ ನೀನು ಅಡುಗೆಮನೆ ಕಪಾಟುಗಳ ಷೋರೂಮಿನಲ್ಲಿ ಜನರ ಮನೆಗೆ ಹೋಗಿ ಗೋಡೆ ಅಳೆಯುವ ಕೆಲಸ ಹಿಡಿದೆ. ಆವತ್ತೇ ನಿನಗೆ ಮೇಸ್ತ್ರಿ ಅಂತ ಹೆಸರಿಟ್ಟೆ. ನಾನು ಫಿಸಿಯೋಥೆರಪಿ ಓದಿ ಆಸ್ಪತ್ರೆಯಲ್ಲಿ ಅರ್ಧ ದಿನದ ಕೆಲಸಕ್ಕೆ ಸೇರಿದೆ. ಪೂರ್ತಿ ದಿನದ್ದು ಮುಂದಿನ ವರ್ಷ ಅಂದಿದ್ದರು. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ.

ಸಾಲದ ಕಚೇರಿಯವರು ಒಂದೇ ಸೂರಿನಡಿ ಇರುವ ಗಂಡಹೆಂಡಿರ ಸಂಬಳವನ್ನು ಕೂಡಿಸಿ, ಕೂಡಿಸಿದ ಮೊತ್ತದ ಮೇಲೆ ಇಬ್ಬರ ಕಂತನ್ನೂ ನಿಗದಿ ಮಾಡಿದರು. ಬಾಡಿಗೆ ಕಟ್ಟಿದರೆ ಕಂತಿಗಿಲ್ಲ, ಕಂತು ಕಟ್ಟಿದರೆ ಬಾಡಿಗೆಗಿಲ್ಲ. ವಸೂಲಿಯ ಹುಡುಗಿ ಫೋನು ಮಾಡುತ್ತಿದ್ದಳಲ್ಲ, ಅವಳ ದನಿ ಎಷ್ಟು ನಯವಾಗಿತ್ತೆಂದರೆ ಈಗಲೂ ಯಾರಾದರೂ ನಯವಾಗಿ ಮಾತಾಡಿದರೆ ನನ್ನ ಕೈ ಫೋನಿನ ಜೇಬಿಗೆ ಹೋಗುತ್ತದೆ. ನಾನು ರೋಗಿಯ ಮೊಣಕಾಲು ಹಿಡಿದು ಮಡಿಸುತ್ತಿರುವಾಗ ಜೇಬಿನಲ್ಲಿ ಫೋನು ಗುಂಯ್ ಅನ್ನುತ್ತಿತ್ತು. ಒಮ್ಮೆ ಒಬ್ಬ ಮುದುಕರು, ಏನಮ್ಮ, ನೋವು ನನಗೋ ನಿನಗೋ, ಅಂತ ಕೇಳಿದರು.

ಕಂತು ತಪ್ಪುತ್ತಾ ಹೋದ ಹಾಗೆ ನೋಟೀಸು ನಿನಗೆ ಜಾಮೀನು ಹಾಕಿದ ನಿನ್ನ ಅಕ್ಕನ ಲಾಂಡ್ರಿಗೆ ಹೋಯಿತು. ಅಕ್ಕ ನಮ್ಮ ಇಸ್ತ್ರಿ ಬಟ್ಟೆಯ ಗಂಟಿನ ಮೇಲೆ ಆ ನೋಟೀಸನ್ನೂ ಒಪ್ಪವಾಗಿ ಮಡಿಚಿಟ್ಟು ತಂದರು. ನೀರು ಕುಡಿದು ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು, ಅಂದೆ ನೀನು. ಆ ದಿನವೆಲ್ಲ ಇಸ್ತ್ರಿ ಬಟ್ಟೆಯ ಗಂಟನ್ನು ನಾವು ಬಿಚ್ಚಲಿಲ್ಲ.

ಮರುದಿನ ಸಾಲದ ಕಚೇರಿಯ ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದ ಆ ಬೋಳುತಲೆಯವನು ನೆನಪಿದ್ದಾನಲ್ಲ. ನಮ್ಮ ಪಿಸುಮಾತನ್ನೆಲ್ಲ ಕೇಳಿಸಿಕೊಂಡು ತಿರುಗಿ ನಿಂತು, ಬೇರೆ ಆಗ್ಬಿಡಿ ಮತ್ತೆ, ಅಂದ. ಬೇರೆ ಇದ್ದರೆ ಅವರವರ ಸಂಬಳದ ಮೇಲೆ ಅವರವರ ಕಂತು, ಅರ್ಧ ಸಂಬಳದವರಿಗೆ ಹೆಸರಿಗಷ್ಟೇ. ಕಾಗದದ ಮೇಲೆ ಬೇರೆ ಆಗಿ, ಮನಸ್ಸಲ್ಲಿ ಒಂದಾಗಿರಿ. ಎಷ್ಟೋ ಮನೇಲಿ ಇದರ ಉಲ್ಟಾ ನಡೀತಿರುತ್ತೆ, ಯಾರೂ ಕೇಳಲ್ಲ, ಅಂದ. ನಾವು ನಕ್ಕುಬಿಟ್ಟೆವು. ಉಪಾಯವನ್ನೂ ಅವನೇ ಹೇಳಿಕೊಟ್ಟ. ಎರಡು ವಿಳಾಸಕ್ಕೂ ವಾರವಾರ ಅಂಚೆ ಬರುತ್ತಿರಬೇಕು, ಕವರಿನ ಮೇಲೆ ತಾರೀಖಿನ ಸೀಲು ಸ್ಪಷ್ಟವಾಗಿರಬೇಕು, ಕವರುಗಳನ್ನು ಎತ್ತಿಡಬೇಕು, ವಿಚಾರಣೆಗೆ ಬಂದವರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಫೋನು ಮಾತ್ರ ಬೇಡ, ಯಾರು ಯಾರಿಗೆ ಮಾಡಿದರು ಅಂತ ತೆಗೆಸಿ ನೋಡುತ್ತಾರೆ. ಅವನು ಹೇಳಿದ್ದು ನಿಜವೋ ಸುಳ್ಳೋ ನಾವು ಇನ್ನೊಬ್ಬರನ್ನು ಕೇಳಲಿಲ್ಲ. ಮುಳುಗುವವರು ಹುಲ್ಲುಕಡ್ಡಿಯನ್ನು ಹಿಡಿಯುವ ಮುಂಚೆ ಅದರ ಗಟ್ಟಿತನ ನೋಡುತ್ತಾರೆಯೇ?

ಮನೆ ಖಾಲಿ ಮಾಡಿದೆವು. ನೀನು ಅಕ್ಕನ ಲಾಂಡ್ರಿಯ ಅಟ್ಟಕ್ಕೆ ಹೋದೆ. ನಾನು ಸೊಂಟದ ಮೂಳೆ ಮುರಿದು ನಮ್ಮ ಆಸ್ಪತ್ರೆಗೆ ಬರುತ್ತಿದ್ದ ಈ ಅಜ್ಜಿಯ ಮನೆಯ ಮಹಡಿ ಕೋಣೆಗೆ ಬಂದೆ. ಬಾಡಿಗೆ ಇಲ್ಲ, ಬೆಳಗ್ಗೆ ಸಂಜೆ ಅವರಿಗೆ ವ್ಯಾಯಾಮ ಮಾಡಿಸಬೇಕು. ಅಕ್ಕನಿಗೆ ಮಾತ್ರ ನಾವು ನಿಜವಾಗಿಯೇ ಬೇರೆಯಾದೆವೆಂದು ಹೇಳಿದೆವು. ಕಚೇರಿಯವರು ಜಾಮೀನುದಾರರನ್ನು ಕೇಳೇ ಕೇಳುತ್ತಾರೆ, ಅಕ್ಕನ ಮುಖ ಗಾಜಿನ ಹಾಗೆ, ಹಿಂದಿರುವುದೆಲ್ಲ ಕಾಣುತ್ತದೆ ಅಂದೆ ನೀನು. ಅವತ್ತು ಅದು ಜಾಣತನ ಅನ್ನಿಸಿತ್ತು.

ಆಮೇಲೆ ಕವರುಗಳು ಶುರುವಾದವು. ಖಾಲಿ ಕವರು ಹಾಕಿದರೆ ತೆಳ್ಳಗಿರುತ್ತದೆ, ಅನುಮಾನ ಬರುತ್ತದೆ ಅಂತ ನೀನು ಷೋರೂಮಿನ ಹಳೆಯ ನಕ್ಷೆಗಳನ್ನು ಮಡಿಚಿ ತುಂಬಿದೆ. ನಾನು ರೋಗಿಗಳಿಗೆ ಕೊಡುವ ವ್ಯಾಯಾಮದ ಹಾಳೆಗಳನ್ನು ತುಂಬಿದೆ. ಗೋಡೆಗೆ ಅಂಗೈ ಒತ್ತಿ ನಿಲ್ಲುವುದು, ಭುಜ ತಿರುಗಿಸುವುದು, ಕುತ್ತಿಗೆ ಪಕ್ಕಕ್ಕೆ ವಾಲಿಸುವುದು. ಭಾನುವಾರ ಬಸ್ ನಿಲ್ದಾಣದ ಪಕ್ಕದ ಪಾರ್ಕಿನ ಬೆಂಚಿನಲ್ಲಿ ಸಿಗುತ್ತಿದ್ದೆವು, ಮದುವೆಗೆ ಮುಂಚೆ ಸಿಗುತ್ತಿದ್ದ ಹಾಗೆ. ಕದ್ದು ಭೇಟಿಯಾಗುವ ಗಂಡಹೆಂಡಿರು ಅಂತ ನೀನು ನಗುತ್ತಿದ್ದೆ.

ಇಲ್ಲಿಯವರೆಗೆ ಬರೆಯುವುದು ಸುಲಭವಾಗಿತ್ತು.

ಒಂದು ಮಾತು ಒಪ್ಪಿಕೊಳ್ಳಬೇಕು. ಬೇರೆಯಾಗಿದ್ದಾಗ ನಮ್ಮ ಲೆಕ್ಕ ಸರಿಹೋಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಾವು ಹಾಸಿಗೆಯನ್ನೇ ಎರಡು ಮಾಡಿದೆವು, ಕಾಲು ಹಿಡಿಸಿತು. ಫೋನಿನ ಹುಡುಗಿ ಸುಮ್ಮನಾದಳು. ನನಗೆ ನಿದ್ದೆ ಬರತೊಡಗಿತು. ಆ ನಿದ್ದೆಗೆ ನಾನು ನಾಚಿಕೊಂಡಿದ್ದೇನೆ, ಆದರೂ ಮಲಗಿದ್ದೇನೆ. ಭಾನುವಾರ ಬೆಂಚಿನಲ್ಲಿ ಕೂತು ನಾವು ಮಾತಾಡಿದ್ದೆಲ್ಲ ಕಂತಿನದೇ, ಈ ತಿಂಗಳದ್ದು ಹೋಯಿತಾ, ಹೋಯಿತು. ಇದು ಎಂದು ಮುಗಿಯುತ್ತದೆ ಅಂತ ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಉತ್ತರ ಕೊಡಬೇಕಾಗುತ್ತಿತ್ತು. ಆಮೇಲೆ ನಿನಗೆ ಭಾನುವಾರವೂ ಅಳತೆಯ ಕೆಲಸ ಬಂತು, ನನಗೆ ಅಜ್ಜಿಯ ವ್ಯಾಯಾಮ ತಪ್ಪಿಸುವುದಕ್ಕಾಗಲಿಲ್ಲ. ಎರಡೂ ನಿಜವೇ. ಆದರೆ ಮೊದಲು ಇಂಥ ನಿಜಗಳನ್ನು ದಾಟಿಕೊಂಡು ಬರುತ್ತಿದ್ದೆವು.

ಕೊನೆಯ ಸಲ ಬೆಂಚಿನಲ್ಲಿ ಕೂತಾಗ ನಾನು ಹೇಳಿದ್ದು ನೆನಪಿದೆಯೇ? ನಿನ್ನ ನಕ್ಷೆ ದಪ್ಪ ಕಾಗದದ್ದು, ಕವರು ತೂಕ ಮೀರುತ್ತಿದೆ, ಪೋಸ್ಟ್‌ಮ್ಯಾನ್ ನನ್ನಿಂದ ದಂಡ ತೆಗೆದುಕೊಳ್ಳುತ್ತಾನೆ, ಸುಮ್ಮನೆ ಬಿಳಿ ಹಾಳೆ ಹಾಕು ಸಾಕು, ಅಂದೆ. ನೀನು ಒಂದು ಗಳಿಗೆ ನನ್ನನ್ನೇ ನೋಡಿ, ಆಯ್ತು ಬಿಡು, ಅಂದೆ. ಆಮೇಲೆ ಬಂದ ಕವರುಗಳಲ್ಲೆಲ್ಲ ಬಿಳಿ ಹಾಳೆ. ನಾನು ಅದನ್ನು ಉಳಿತಾಯ ಅಂದುಕೊಂಡೆ.

ಈಗ ಕಳೆದ ವಾರದ ವಿಷಯ.

ವರ್ಷದ ಪರಿಶೀಲನೆಗೆ ಅಧಿಕಾರಿ ಬಂದರು. ಮಧ್ಯವಯಸ್ಸಿನ ಹೆಂಗಸು, ಬಲ ಮೊಣಕಾಲಿನಲ್ಲಿ ನೋವಿದೆ. ಮಹಡಿಯ ಮೆಟ್ಟಿಲನ್ನು ಎಡಗಾಲು ಮುಂದಿಟ್ಟೇ ಹತ್ತಿದರು. ಪಕ್ಕದಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲವಲ್ಲಮ್ಮ, ಅಂದರು. ಅವರು ಬರುವ ಸುದ್ದಿ ಮೊದಲೇ ಗೊತ್ತಿತ್ತು. ನಾನು ಹಾಕಿಕೊಂಡು ಮಲಗುವ ನಿನ್ನ ನೀಲಿ ಅಂಗಿಯನ್ನು ಅಜ್ಜಿಯ ದಿಂಬಿನ ಚೀಲದೊಳಗೆ ತುರುಕಿಟ್ಟಿದ್ದೆ. ಅವರು ಕಪಾಟು ತೆಗೆದು ನೋಡಿದರು, ಬಚ್ಚಲಲ್ಲಿ ಬ್ರಷ್ಷು ನೋಡಿದರು, ಕೆಳಗೆ ಬಾಗಿಲ ಹತ್ತಿರ ಗಂಡಸರ ಬೂಟು ಕಂಡು ಹುಬ್ಬೇರಿಸಿದರು. ಅದು ನನ್ನ ಯಜಮಾನರದು, ಸತ್ತು ಬಹಳ ಕಾಲವಾಯ್ತು, ಕಳ್ಳರು ಹೆದರಲಿ ಅಂತ ಇಟ್ಟಿದ್ದೀನಿ, ಅಂದರು ಅಜ್ಜಿ. ಅಧಿಕಾರಿ ಬಗ್ಗಿ ಬೂಟಿನೊಳಗಿನ ಧೂಳು ನೋಡಿ ತೃಪ್ತರಾದರು.

ಆಮೇಲೆ ಕುಳಿತು, ಯಾಕಮ್ಮ ಬೇರೆ ಆದ್ರಿ, ಅಂತ ಕೇಳಿದರು. ಹೊಂದಾಣಿಕೆ ಇಲ್ಲ ಅನ್ನುವ ಮಾತನ್ನು ನಾನು ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆ. ಬಾಯಿಗೆ ಅದು ಬರಲೇ ಇಲ್ಲ. ಅವರು ಎಲ್ಲಾನೂ ಅಳೀತಾರೆ ಮೇಡಂ, ಅಂದುಬಿಟ್ಟೆ. ಒಗೆದ ಬಟ್ಟೆ ಹರವುವಾಗ ಕ್ಲಿಪ್ಪುಗಳ ಮಧ್ಯದ ಅಂತರ ಸರಿಮಾಡ್ತಾರೆ. ಬ್ರೆಡ್ಡು ಕತ್ತರಿಸಿ ಎರಡು ತುಂಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ, ದೊಡ್ಡದನ್ನ ನನಗೆ ಕೊಡೋದಕ್ಕೆ. ಕೊನೆಯದು ದೂರು ಅಲ್ಲ ಅಂತ ಹೇಳಿದ ಮೇಲೆ ಗೊತ್ತಾಯಿತು. ಅಧಿಕಾರಿ ನಕ್ಕು ಪೆನ್ನು ಕೆಳಗಿಟ್ಟರು. ಇದಕ್ಕೆಲ್ಲ ಯಾರೂ ಬೇರೆ ಆಗಲ್ಲಮ್ಮ, ಅಂದರು. ಕಂತು ಉಳಿಸೋಕೆ ಅಂತ ಬೇರೆ ಮನೆ ಮಾಡಿದವರನ್ನ ಈ ವರ್ಷ ಎಷ್ಟೋ ಜನರನ್ನ ಹಿಡಿದಿದ್ದೀವಿ, ದಂಡದ ಜೊತೆ ಅಷ್ಟನ್ನೂ ವಾಪಸು ಕಟ್ಟಿಸಿದ್ದೀವಿ, ಜಾಮೀನು ಹಾಕಿದವರನ್ನೂ ಕರೆಸಿದ್ದೀವಿ, ಅಂದರು. ನಯವಾಗಿಯೇ ಹೇಳಿದರು. ನನ್ನ ಕೈ ಜೇಬಿಗೆ ಹೋಯಿತು. ನನ್ನ ಸಾಲಕ್ಕೆ ಜಾಮೀನು ಹಾಕಿದ ಅಪ್ಪ ಬಸ್ಸಿನಿಂದ ಇಳಿದು ಆ ಕಚೇರಿಯ ಮೆಟ್ಟಿಲು ಹತ್ತುವುದು ಕಣ್ಣಿಗೆ ಕಟ್ಟಿತು.

ಆಗ ಅಜ್ಜಿ ಮಾತಾಡಿದರು. ಅವರು ಕೆಲಸದಲ್ಲಿದ್ದಷ್ಟು ಕಾಲವೂ ಕೋರ್ಟಿನಲ್ಲಿ ಬೆರಳಚ್ಚು ಮಾಡಿದವರು, ಅದೂ ಗಂಡಹೆಂಡಿರ ಮೊಕದ್ದಮೆಗಳ ಕೋರ್ಟಿನಲ್ಲಿ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಟೈಪು ಯಂತ್ರಕ್ಕೆ ಉಕ್ತಲೇಖನ ಕೊಡುವ ದನಿಯಲ್ಲಿ ಶುರುಮಾಡಿದರು. ಹುಡುಗಿ ಹೇಳ್ಕೊಳ್ಳಲ್ಲ, ನಾನು ಹೇಳ್ತೀನಿ, ಬರ್ಕೊಳ್ಳಿ. ಸದರಿ ಗಂಡನು ಕುಡಿದು ಬಂದು ಹೆಂಡತಿಗೆ ದೈಹಿಕ ಮತ್ತು ಮಾನಸಿಕ ಹಿಂಸೆ ಕೊಟ್ಟಿರುತ್ತಾನೆ. ಪಾತ್ರೆ ಎಸೆದಿರುತ್ತಾನೆ. ಮೆಟ್ಟಿಲ ಮೇಲಿಂದ ನೂಕಿರುತ್ತಾನೆ. ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ ಬಂತು. ಕೊನೆಗೆ ನನ್ನ ಕೈ ತೋರಿಸಿ, ನೋಡಿ, ಇನ್ನೂ ಪಟ್ಟಿ ಬಿಚ್ಚಿಲ್ಲ, ಅಂದರು.

ಮಣಿಕಟ್ಟು ಉಳುಕಿದ್ದು ಆಸ್ಪತ್ರೆಯಲ್ಲಿ. ನಡೆಯಲು ಕಲಿಸುವಾಗ ಜಾರಿದ ಒಬ್ಬರನ್ನು ಹಿಡಿಯಲು ಹೋಗಿ ಆದದ್ದು. ಅಜ್ಜಿಗೂ ಅದು ಗೊತ್ತು, ಪಟ್ಟಿ ಸುತ್ತಿದವರೇ ಅವರು.

ಅಧಿಕಾರಿ ನನ್ನ ಕೈ ನೋಡಿದರು. ಅವರ ಮುಖವೇ ಬದಲಾಯಿತು. ನಿಜಾನಾಮ್ಮ, ಅಂತ ಕೇಳಿದರು.

ನಾನು ಇಲ್ಲ ಅನ್ನಲಿಲ್ಲ, ಮೇಸ್ತ್ರಿ. ಹೌದು ಅಂತಲೂ ಅನ್ನಲಿಲ್ಲ. ನೆಲ ನೋಡಿದೆ. ನಾನು ನೆಲ ನೋಡಿದ್ದನ್ನೇ ಅವರು ಬರೆದುಕೊಂಡರು.

ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದರು: ಮನೆಯಲ್ಲಿ ಹಿಂಸೆ ಅನುಭವಿಸಿ ಹೊರಬಂದವರಿಗೆ ಬೇರೆ ನಿಯಮವಿದೆ, ಬಡ್ಡಿ ನಿಲ್ಲಿಸುತ್ತಾರೆ, ಕಂತನ್ನು ವರ್ಷಗಟ್ಟಲೆ ಮುಂದೂಡುತ್ತಾರೆ, ಯಾಕೆ ಮೊದಲೇ ಹೇಳಲಿಲ್ಲ. ಅಲ್ಲೇ ಹೇಳಿಕೆ ಬರೆದು ನನ್ನ ಕೈಗಿತ್ತರು. ಯೋಚನೆ ಮಾಡಿ ಸಹಿ ಹಾಕಿ ಶುಕ್ರವಾರದೊಳಗೆ ತಂದು ಕೊಡು, ಅಂದರು. ಒಂದು ಪ್ರತಿ ಗಂಡನಿಗೆ ಹೋಗುತ್ತದಂತೆ. ಒಂದು ಅವನ ಜಾಮೀನುದಾರರಿಗೆ. ಒಂದು ಅವನು ಕೆಲಸ ಮಾಡುವ ಕಡೆಗೆ.

ಅವರು ಹೋದ ಮೇಲೆ ನಾನು ಅಜ್ಜಿಯ ಮೇಲೆ ರೇಗಿದೆ. ಅವರಿಗೆ ಬಹಳ ಆಶ್ಚರ್ಯವಾಯಿತು. ಅಯ್ಯೋ ಮಗಳೇ, ಕಾರಣ ಇಲ್ಲದ ಮೊಕದ್ದಮೆ ನಿಲ್ಲಲ್ಲ, ನಾನು ನಿಲ್ಲಿಸಿಕೊಟ್ಟೆ, ಅಂದರು. ಅವನ ಹೆಸರು ಹೋಗುತ್ತೆ ಅಜ್ಜಿ, ಅಂದೆ. ಹೆಸರು ಹೋದರೆ ಬರುತ್ತೆ, ಬಡ್ಡಿ ನಿಲ್ಲಿಸೋ ಅವಕಾಶ ಹೋದರೆ ಬರಲ್ಲ, ಅಂದರು. ಅವರಿಗೆ ಕೆಡುಕು ಮಾಡುವ ಮನಸ್ಸಿಲ್ಲ. ಅಷ್ಟು ವರ್ಷ ಬೇರೆಯವರ ಬಾಯಿಂದ ಬಂದದ್ದನ್ನೇ ಬೆರಳಲ್ಲಿ ಬರೆದವರು, ಅವತ್ತು ತಮ್ಮ ಬಾಯಿಂದ ಒಮ್ಮೆ ಹೇಳಿ ನೋಡಿದರು, ಅಷ್ಟೇ.

ಆ ಹೇಳಿಕೆ ಈಗ ನನ್ನ ಮೇಜಿನ ಮೇಲಿದೆ. ಅದನ್ನು ನೋಡಿ ನಾನು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಲೆಕ್ಕ ಹಾಕಿದೆ. ಬಡ್ಡಿ ನಿಂತರೆ ನನ್ನ ಸಾಲ ಯಾವ ವಯಸ್ಸಿಗೆ ತೀರುತ್ತದೆ, ನಿನ್ನ ಸಾಲಕ್ಕೆ ನಾನು ಎಷ್ಟು ಸೇರಿಸಬಹುದು, ಅಕ್ಕನ ಲಾಂಡ್ರಿಗೆ ಹೊಸ ಯಂತ್ರ ಕೊಡಿಸಬಹುದೇ. ಅಕ್ಕನಿಗೆ ಆ ಪ್ರತಿ ತಲುಪಿದ ಮೇಲೆ ಯಂತ್ರ ಕೊಡಿಸುವ ಯೋಚನೆ. ನಿನ್ನ ಕೆಲಸ ಎಂಥದ್ದು ಅನ್ನುವುದು ಆಮೇಲೆ ನೆನಪಾಯಿತು. ನೀನು ಹೋಗುವ ಮನೆಗಳಲ್ಲಿ ಹಗಲು ಹೊತ್ತು ಹೆಂಗಸರೊಬ್ಬರೇ ಇರುತ್ತಾರೆ. ಈ ಕಾಗದ ಷೋರೂಮಿಗೆ ಹೋದರೆ ನಿನ್ನ ಕೈಯಿಂದ ಟೇಪು ಕಿತ್ತುಕೊಳ್ಳುತ್ತಾರೆ. ಇಷ್ಟು ಸರಳವಾದ ವಿಷಯ ಲೆಕ್ಕ ಮುಗಿದ ಮೇಲೆ ನನಗೆ ಹೊಳೆಯಿತು. ಸಾಲ ಮನುಷ್ಯರನ್ನು ಕೆಟ್ಟವರನ್ನಾಗಿ ಮಾಡುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ತಲೆಯಲ್ಲಿ ಮೊದಲು ಬರುವುದು ಯಾವುದು, ಆಮೇಲೆ ಬರುವುದು ಯಾವುದು ಅನ್ನುವ ಕ್ರಮವನ್ನಂತೂ ಅದು ಬದಲಾಯಿಸಿದೆ.

ಹೇಳಿಕೆಯ ಜೊತೆಗೆ ವಿಳಾಸದ ಸಾಕ್ಷಿಯನ್ನೂ ತರಲು ಹೇಳಿದ್ದರು. ಅದಕ್ಕೆ ನಿನ್ನ ಕವರುಗಳನ್ನೆಲ್ಲ ಮಂಚದ ಕೆಳಗಿನಿಂದ ತೆಗೆದು ಸೀಲಿನ ತಾರೀಖಿನ ಪ್ರಕಾರ ಜೋಡಿಸಲು ಕೂತೆ. ಬಂದಾಗಲೆಲ್ಲ ಒಂದೊಂದಾಗಿ ನೋಡಿ ಬದಿಗಿಟ್ಟಿದ್ದೆ. ಒಟ್ಟಿಗೆ ನೋಡಿದ್ದು ಇದೇ ಮೊದಲು. ನಕ್ಷೆಗಳನ್ನು ಹಾಸಿಗೆಯ ಮೇಲೆ ಬಿಡಿಸಿಟ್ಟೆ. ಗಿರಾಕಿಗಳು ಬೇಡ ಅಂದ ಹಳೆಯ ನಕ್ಷೆಗಳಾದರೆ ಒಂದೊಂದು ಒಂದೊಂದು ಥರ ಇರಬೇಕಿತ್ತು. ಇವೆಲ್ಲದರಲ್ಲೂ ಅದೇ ಅಡುಗೆಮನೆ. ಒಂದರಲ್ಲಿ ಕಿಟಕಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಒಂದರಲ್ಲಿ ಕಟ್ಟೆಯ ಕೊನೆಗೆ ಒಬ್ಬರು ಕೂರುವಷ್ಟು ಜಾಗ, ಮುಂದಿನದರಲ್ಲಿ ಇಬ್ಬರಿಗೆ. ಎಲ್ಲದರಲ್ಲೂ ಕಟ್ಟೆ ತೀರಾ ಕೆಳಗೆ. ಅಷ್ಟು ಕೆಳಗಿನ ಕಟ್ಟೆಯನ್ನು ಯಾವ ಗಿರಾಕಿ ಕೇಳುತ್ತಾಳೆ? ಮೇಲಿನ ಕಪಾಟು ಕೂಡ ಕೈಗೆಟುಕುವ ಹಾಗೆ ಇಳಿದಿತ್ತು. ನಮ್ಮ ಹಳೆಯ ಮನೆಯಲ್ಲಿ ಮಣೆಯ ಮೇಲೆ ಹತ್ತಿ ನಿಂತು ಪಾತ್ರೆ ತೊಳೆಯುತ್ತಿದ್ದವಳು ನಾನು. ಕುಳ್ಳಿ ಅಂತ ನೀನು ಹೆಸರಿಟ್ಟದ್ದೇ ಆ ಮಣೆಯ ಮುಂದೆ. ಅಜ್ಜಿಯ ಹೊಲಿಗೆ ಪೆಟ್ಟಿಗೆಯ ಟೇಪು ತಂದು ನೆಲದಿಂದ ನನ್ನ ಮೊಣಕೈವರೆಗೆ ಅಳೆದುಕೊಂಡೆ. ನಿನ್ನ ಅಳತೆ ತಪ್ಪುವುದಿಲ್ಲ.

ಅಷ್ಟು ತಿಂಗಳು ನೀನು ಕಾಗದ ಬರೆಯುತ್ತಲೇ ಇದ್ದೆ. ತೂಕ ಜಾಸ್ತಿಯಾಯಿತು, ನಿಲ್ಲಿಸು ಅಂದವಳು ನಾನು.

ಅದೇ ದಿನ ಅಕ್ಕ ಫೋನು ಮಾಡಿದರು. ಅಕ್ಕನಿಗೆ ನಮ್ಮ ಉಪಾಯ ಗೊತ್ತಿಲ್ಲವಲ್ಲ, ಆಗಾಗ ನನ್ನನ್ನು ವಿಚಾರಿಸಿಕೊಳ್ಳುತ್ತಾರೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ, ನೀವಿಬ್ಬರು ಊಟ ಮಾಡೋದನ್ನೇ ಬಿಟ್ಟಿದ್ದೀರಾ ಏನು, ಅಂದರು. ಅವನಿಗೆ ತಲೆ ಸರಿಯಿದೆಯೋ ಇಲ್ಲವೋ ಗೊತ್ತಾಗ್ತಿಲ್ಲ, ಬೆಳಗ್ಗೆ ಎದ್ದವನೇ ಗೋಡೆಗೆ ಅಂಗೈ ಒತ್ತಿಕೊಂಡು ನಿಂತಿರ್ತಾನೆ, ಆಮೇಲೆ ಭುಜ ತಿರುಗಿಸ್ತಾನೆ, ಏನೋ ಅಂತ ಕೇಳಿದರೆ ಕಾಗದ ಓದ್ತಿದ್ದೀನಿ ಅಂತಾನೆ, ಅಂದರು. ನಾನು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದೆ. ನಕ್ಕೆನೋ ಅತ್ತೆನೋ, ಅಕ್ಕನಿಗೆ ಕೇಳಿಸಬಾರದಿತ್ತು.

ಆಮೇಲೆ ಅಕ್ಕ, ಹೊಸ ಶಾಖೆಗೆ ಹೋಗ್ತಾನಂತೆ, ನಿನಗೆ ಹೇಳಿಲ್ವಾ, ಅಂದರು. ಒಂದು ಹಗಲಿನ ದಾರಿಯಂತೆ. ಸಂಬಳ ಸ್ವಲ್ಪ ಜಾಸ್ತಿಯಂತೆ. ನೀನು ಇನ್ನೂ ಒಪ್ಪಿಲ್ಲವಂತೆ, ಬೇಡ ಅಂತಲೂ ಅಂದಿಲ್ಲವಂತೆ.

ನಾನು ಅಕ್ಕನಿಗೆ, ಒಳ್ಳೆಯದಲ್ವಾ ಅಕ್ಕ, ಅಂದೆ. ಅವರು ಫೋನು ಇಟ್ಟುಬಿಟ್ಟರು.

ಬಿಳಿ ಹಾಳೆಗಳನ್ನು ಮತ್ತೆ ತೆಗೆದು ದೀಪಕ್ಕೆ ಹಿಡಿದು ನೋಡಿದೆ, ಪೆನ್ಸಿಲಿನ ಗುರುತಾದರೂ ಇರಬಹುದೇನೋ ಅಂತ. ಏನೂ ಇರಲಿಲ್ಲ. ನಾನು ಹೇಳಿದ್ದಕ್ಕೆ ನೀನು ಬಿಳಿ ಹಾಳೆ ಹಾಕಿದೆಯೋ, ಹಾಕಲು ಬೇರೇನೂ ಉಳಿದಿಲ್ಲವೆಂದು ಹಾಕಿದೆಯೋ? ಇದಕ್ಕೆ ಉತ್ತರ ನನಗೆ ತಿಳಿದಿಲ್ಲ. ಹೆದರಿಕೆ ಇರುವುದು ಇಲ್ಲಿ. ಕಂತಿನ ಹೆದರಿಕೆ ಇದರ ಮುಂದೆ ಹಳೆಯ ಪರಿಚಯದವರ ಹಾಗೆ, ಬಂದರೆ ಎಲ್ಲಿ ಕೂರುತ್ತಾರೆ ಅನ್ನುವುದಾದರೂ ಗೊತ್ತು.

ಫೋನು ಮಾಡಿ ಕೇಳಬಹುದಿತ್ತು ಅನ್ನುತ್ತೀಯ. ಈ ವಾರವೆಲ್ಲ ಫೋನು ಕೈಗೆತ್ತಿಕೊಂಡು ಇಟ್ಟಿದ್ದೇನೆ. ಕೇಳಿದರೆ ನೀನು ಏನು ಹೇಳುತ್ತೀಯ ಅಂತ ನನಗೆ ಗೊತ್ತು. ಸಹಿ ಹಾಕು ಕುಳ್ಳಿ, ಒಬ್ಬರಾದರೂ ದಡ ಸೇರೋಣ, ನನ್ನ ಹೆಸರಿಗೇನು, ಅನ್ನುತ್ತೀಯ. ಬ್ರೆಡ್ಡಿನ ದೊಡ್ಡ ತುಂಡನ್ನು ಸರಿಸಿದ ಹಾಗೆ ಸರಿಸುತ್ತೀಯ. ಅದಕ್ಕೇ ಕೇಳಲಿಲ್ಲ. ನಿನ್ನ ಒಪ್ಪಿಗೆ ನನ್ನ ಕೈಯಲ್ಲಿದ್ದರೆ ನಾನು ಸಹಿ ಹಾಕಿಬಿಡಬಹುದು. ನನ್ನ ಮೇಲೆ ನನಗಿರುವ ನಂಬಿಕೆ ಈಗ ಅಷ್ಟೇ.

ಈ ಕಾಗದವನ್ನು ನಾಳೆ ಬೆಳಗ್ಗೆ ಡಬ್ಬಿಗೆ ಹಾಕಿದರೂ ಸೋಮವಾರಕ್ಕೆ ಮುಂಚೆ ನಿನಗೆ ಸಿಗುವುದಿಲ್ಲ. ಹೇಳಿಕೆಗೆ ನಾಳೆಯೇ ಕೊನೆ. ಅಂದರೆ ನೀನು ಇದನ್ನು ಓದುವ ಹೊತ್ತಿಗೆ ಆಗುವುದು ಆಗಿರುತ್ತದೆ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅಜ್ಜಿ ಕೆಳಗಿನಿಂದ ಕೂಗುತ್ತಿದ್ದಾರೆ, ಸಂಜೆಯ ವ್ಯಾಯಾಮಕ್ಕೆ ಹೊತ್ತಾಯಿತು. ಕುತ್ತಿಗೆಯದನ್ನು ನಿಧಾನ ಮಾಡು, ಝಟ್ಟನೆ ತಿರುಗಿಸಬೇಡ. ಹಾಳೆಯಲ್ಲಿ ಆ ಸೂಚನೆ ಅಚ್ಚಾಗಿರಲಿಲ್ಲ.

ಮಣ್ಣಿನ ಮೇಲೆ ಮನೆಯಿಲ್ಲದ ಮೇಸ್ತ್ರಿಯ,
ಮಣೆಯಿಲ್ಲದೆ ಎಟುಕದ
ಕುಳ್ಳಿ

ತಾ.ಕ. (ಶುಕ್ರವಾರ, ಮಧ್ಯಾಹ್ನ): ಹೇಳಿಕೆಯನ್ನು ಸಹಿ ಮಾಡದೆ ಹಿಂದಕ್ಕೆ ಕೊಟ್ಟು ಬಂದೆ. ಅಧಿಕಾರಿ ಬಾಗಿಲು ಮುಂದೆ ಮಾಡಿ, ಹೆದರಿಕೊಂಡು ಹೀಗೆ ಹೇಳ್ತಿದ್ದೀಯಾ, ಅಂತ ಕೇಳಿದರು. ಹೆದರಿಕೆ ಇದೆ ಮೇಡಂ, ಅವರದಲ್ಲ, ನಿಮ್ಮ ಕಚೇರೀದು, ಅಂದೆ. ಮಣಿಕಟ್ಟಿನ ವಿಷಯ, ಬೋಳುತಲೆಯವನ ವಿಷಯ, ಕವರಿನ ವಿಷಯ, ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಬರೆದರು. ಇಷ್ಟು ದಿನ ಕಡಿಮೆ ಕಟ್ಟಿದ್ದನ್ನೆಲ್ಲ ದಂಡದ ಸಮೇತ ಕಟ್ಟಬೇಕು, ಮುಂದಿನ ತಿಂಗಳಿಂದ ಒಟ್ಟು ಸಂಬಳದ ಕಂತು. ಇಬ್ಬರೂ ಒಟ್ಟಿಗೆ ಬಂದು, ಒಂದೇ ವಿಳಾಸ ಬರೆದು ಸಹಿ ಹಾಕಿದರೆ ದಂಡವನ್ನು ಸಣ್ಣ ಸಣ್ಣ ಭಾಗ ಮಾಡಿಕೊಡುತ್ತಾರೆ, ಜಾಮೀನುದಾರರನ್ನು ಕರೆಸುವುದಿಲ್ಲ. ಒಬ್ಬಳ ಸಹಿ ಸಾಲದು. ಇದನ್ನೂ ನಿನ್ನನ್ನು ಕೇಳದೆಯೇ ಮಾಡಿದೆ. ಹೊರಡುವಾಗ ಅವರಿಗೆ ಮೊಣಕಾಲಿನದೊಂದು ವ್ಯಾಯಾಮ ಹೇಳಿಕೊಟ್ಟೆ.

ಸಹಿ ಹಾಕುವುದಿಲ್ಲ ಅಂದದ್ದಕ್ಕೆ ಅಜ್ಜಿ ಬೆಳಗ್ಗೆ ಮುಖ ತಿರುಗಿಸಿ ಕೂತಿದ್ದರು. ನಾನು ಬಾಗಿಲು ದಾಟುವಾಗ, ಆ ಮೆಟ್ಟಿಲಿಗೆ ಹಿಡಿಕೆ ಹಾಕೋರು ಯಾರೂ ಇಲ್ಲ ಈ ಮನೇಲಿ, ಬರೋನು ಟೇಪು ತಗೊಂಡು ಬರಲಿ, ಅಂದರು. ಕೋಣೆ ಚಿಕ್ಕದು. ಕಂತು ಕಟ್ಟಿದ ಮೇಲೆ ಉಳಿಯುವುದು ಅದಕ್ಕಿಂತ ಚಿಕ್ಕದು. ನಾನು ಕೂಡಿಸಿ ಕಳೆದು ನೋಡಿದ್ದೇನೆ, ಸರಿಹೋಗುವುದಿಲ್ಲ.

ಕಚೇರಿಯಿಂದ ನೇರ ಬಸ್ಸು ಹತ್ತಿ ನಿನ್ನ ಷೋರೂಮಿಗೆ ಬಂದೆ. ನೀನು ಯಾರದೋ ಮನೆಗೆ ಹೋಗಿದ್ದೀಯಂತೆ, ಸಂಜೆಗೆ ಬರುತ್ತೀಯಂತೆ. ಕೌಂಟರಿನ ಹುಡುಗಿ ನನ್ನನ್ನು ಗಿರಾಕಿ ಅಂದುಕೊಂಡು ಕಟ್ಟೆ ಎಷ್ಟು ಎತ್ತರ ಬೇಕು ಅಂತ ಕೇಳಿದಳು. ಮೊಣಕೈ ತೋರಿಸಿದೆ. ಇಷ್ಟು ಕೆಳಗೆ ಮಾಡಲ್ಲ ಮೇಡಂ, ಸರ್‌ನ ಕೇಳ್ಬೇಕು, ಅಂದಳು. ಅದನ್ನೇ ಕೇಳಲು ಬಂದಿದ್ದೇನೆ.

ಈಗ ಎದುರಿನ ಬಸ್ ತಂಗುದಾಣದ ಬೆಂಚಿನಲ್ಲಿ ಕೂತಿದ್ದೇನೆ. ಇದನ್ನು ಮುಗಿಸಿ ಅವಳ ಕೈಗೆ ಕೊಟ್ಟು ಮತ್ತೆ ಇಲ್ಲಿಯೇ ಬಂದು ಕೂರುತ್ತೇನೆ. ಹೊಸ ಶಾಖೆಗೆ ಹೋಗುವ ಮನಸ್ಸಿದ್ದರೆ ಹಿಂದಿನ ಬಾಗಿಲಿಂದ ಹೋಗು. ಕೊನೆಯ ಬಸ್ಸಿನವರೆಗೆ ಇರುತ್ತೇನೆ. ಕವರಿಗೆ ಸ್ಟಾಂಪು ಹಚ್ಚಿಲ್ಲ, ನೋಡು. ಈ ಕಾಗದವನ್ನು ನಾವು ಯಾರಿಗೂ ತೋರಿಸಬೇಕಾಗಿಲ್ಲ.